ಮೂವತ್ತೆರಡು ಇಂಚಿನ ಪಟ್ಟಿಗಾಗಿ ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ

ಪೆಡಲ್ ಸ್ಟೀಲ್ ಗಿಟಾರನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ವಿರಳ. ಅದರ ದನಿ ಕೇಳಿದವರು ಬಹಳ. ಹಳೆಯ ಅಮೆರಿಕನ್ ಕಂಟ್ರಿ ಹಾಡುಗಳಲ್ಲಿ ಗಾಯಕ ಒಂದು ಸಾಲು ಮುಗಿಸಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಜಾರುತ್ತ ಏರಿ ಬರುತ್ತದಲ್ಲ, ಆ ಅಳುವೂ ಅಲ್ಲದ ನಗುವೂ ಅಲ್ಲದ ಸ್ವರ, ಅದು ಇದರದ್ದು. ನಾಲ್ಕು ಕಾಲಿನ ಮೇಲೆ ನಿಲ್ಲುವ ವಾದ್ಯ. ಒಂದೊಂದು ಕೊರಳಿಗೆ ಸಾಮಾನ್ಯವಾಗಿ ಹತ್ತು ತಂತಿ. ಎಡಗೈಯಲ್ಲಿ ಉಕ್ಕಿನ ದುಂಡು ಸರಳು, ಬಲಗೈ ಬೆರಳುಗಳಿಗೆ ಪಿಕ್ಕು, ಪಾದದಡಿ ಪೆಡಲುಗಳು, ಮೊಣಕಾಲಿನ ಇಕ್ಕೆಲದಲ್ಲೂ ಲಿವರುಗಳು. ನುಡಿಸುವವರ ಎರಡು ಕೈ, ಎರಡು ಕಾಲು, ಎರಡು ಮೊಣಕಾಲು ಏಕಕಾಲಕ್ಕೆ ದುಡಿಯಬೇಕು.

ಇಂಥ ವಾದ್ಯವೊಂದು ಬೆಂಗಳೂರಿನ ಕಾಕ್ಸ್ ಟೌನಿನ ಮನೆಯೊಂದರ ಅಟ್ಟದಿಂದ ಕೆಳಗಿಳಿಯಿತು. 1970ರ ದಶಕದ್ದು, ಎರಡು ಕೊರಳಿನದು, ಹೊರದೇಶದಲ್ಲಿ ದುಡಿದು ಮರಳಿದ ಹಿರಿಯರೊಬ್ಬರು ತಂದದ್ದು. ಮೇಪಲ್ ಮರದ ಒಡಲು ಗಟ್ಟಿಯಾಗಿತ್ತು. ಪಿಕಪ್ಪಿನ ಸುರುಳಿ ಕೆಟ್ಟಿತ್ತಾದರೂ ಅದನ್ನು ಮತ್ತೆ ಸುತ್ತುವವರು ಊರಿನಲ್ಲಿದ್ದಾರೆ. ತಂತಿ ಅಂಚೆಯಲ್ಲಿ ಬರುತ್ತದೆ. ಕೆಲಸ ನಿಂತದ್ದು ಲೋಹದಲ್ಲಿ. ಮುಂಭಾಗದ ಅಂಚಿಗೆ ಮೇಲೊಂದು ಕೆಳಗೊಂದು ಓಡುವ ಎರಡು ಅಲ್ಯುಮಿನಿಯಂ ಪಟ್ಟಿಗಳಲ್ಲಿ ಕೆಳಗಿನದು ಇರಲೇ ಇಲ್ಲ. ಬಲತುದಿಯ ಎರಕದ ಫಲಕ ಬಿರಿದಿತ್ತು. ಲಿವರ್ ಹಿಡಿದಿಡುವ ಸತುವಿನ ಕೊಂಡಿಯೊಂದು ಮುರಿದು ಎರಡು ಚೂರಾಗಿತ್ತು. ಮಾಲೀಕರ ಮಕ್ಕಳು ಅದನ್ನು ನುಡಿಸುವ ಸ್ಥಿತಿಗೆ ತರಬೇಕೆಂದು ಕೇಳಿದಾಗ ನಾನು ಒಪ್ಪಿಕೊಂಡೆ.

ಪಟ್ಟಿ ಬರಿಯ ಅಲಂಕಾರವಲ್ಲವೇ, ಅದಿಲ್ಲದೆ ನುಡಿಸಲಾಗದೇ ಎಂದು ಕೇಳುವವರಿದ್ದಾರೆ. ನುಡಿಸಬಹುದು. ಆದರೆ ಆ ಪಟ್ಟಿ ಮುಚ್ಚುವುದು ಮರ ಮತ್ತು ಲ್ಯಾಮಿನೇಟ್ ಹಾಳೆ ಕೂಡುವ ಅಂಚನ್ನು. ಅದು ಬಿಟ್ಟುಕೊಂಡಲ್ಲಿ ತೇವ ನುಗ್ಗುತ್ತದೆ, ಹಾಳೆ ಏಳುತ್ತದೆ, ಕಾಲು ಜೋಡಿಸಿ ಬಿಚ್ಚುವಾಗಲೆಲ್ಲ ಮೂಲೆ ಚಕ್ಕೆಯೇಳುತ್ತದೆ. ವಾದ್ಯ ಕಟ್ಟಿದವರು ಅಂದಕ್ಕೂ ರಕ್ಷಣೆಗೂ ಒಂದೇ ತಗಡನ್ನು ಬಳಸಿದ್ದಾರೆ.

ಲೋಹಕ್ಕೂ ಈ ವಾದ್ಯಕುಲಕ್ಕೂ ಇರುವ ನಂಟು ಹಳೆಯದು. ಹವಾಯಿ ದ್ವೀಪಗಳಲ್ಲಿ ತಂತಿಯ ಮೇಲೆ ಉಕ್ಕು ಜಾರಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಳೆಯಿತು. ಅದರ ಹೆಗ್ಗಳಿಕೆ ಹೆಚ್ಚಾಗಿ ಸಲ್ಲುವುದು ಜೋಸೆಫ್ ಕೆಕುಕು ಎಂಬಾತನಿಗೆ. 1932ರಲ್ಲಿ ಮಾರುಕಟ್ಟೆಗೆ ಬಂದ ರಿಕನ್‌ಬ್ಯಾಕರ್ ಎಲೆಕ್ಟ್ರಿಕ್ ಹವಾಯಿ ಗಿಟಾರಿನ ಒಡಲು ಪೂರ್ತಿ ಎರಕದ ಅಲ್ಯುಮಿನಿಯಂ. ಪಾಲ್ ಬಿಗ್ಸ್‌ಬಿ 1948ರಲ್ಲಿ ಸ್ಪೀಡಿ ವೆಸ್ಟ್ ಎಂಬ ವಾದಕನಿಗೆ ಪೆಡಲಿನ ಗಿಟಾರು ಕಟ್ಟಿಕೊಟ್ಟ. 1954ರಲ್ಲಿ ಹೊರಬಂದ, ಗಾಯಕ ವೆಬ್ ಪಿಯರ್ಸ್‌ನ ಹಾಡೊಂದರಲ್ಲಿ ಬಡ್ ಐಸಾಕ್ಸ್ ನುಡಿಸಿದ ಮೇಲೆ ಪೆಡಲು ತುಳಿದು ಸ್ವರ ಬಾಗಿಸುವ ಆ ಶೈಲಿಯ ಬೆನ್ನು ಹತ್ತದ ಸ್ಟೀಲ್ ವಾದಕರು ಕಡಿಮೆ. ಶಾಟ್ ಜಾಕ್ಸನ್ ಮತ್ತು ಬಡ್ಡಿ ಎಮನ್ಸ್ ಕೂಡಿ ಶೋ-ಬಡ್ ಕಂಪನಿ ಕಟ್ಟಿದರು. ಎಮನ್ಸ್ ಆಮೇಲೆ ತನ್ನದೇ ಹೆಸರಿನ ವಾದ್ಯಕ್ಕೆ ಹೊರಟ. ಇವೆಲ್ಲ ದೊಡ್ಡ ಕಾರ್ಖಾನೆಯ ಸರಕಲ್ಲ. ಚಿಕ್ಕ ವರ್ಕ್‌ಶಾಪುಗಳಲ್ಲಿ ಕೈಯಿಂದ ಜೋಡಿಸಿದವು. ವರ್ಷ ವರ್ಷಕ್ಕೆ ಪಟ್ಟಿಯ ಅಳತೆ, ಸ್ಕ್ರೂವಿನ ಜಾಗ ಬದಲಾಗಿದೆ. ಆದ್ದರಿಂದಲೇ ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುತ್ತದೆಂಬ ಖಾತರಿಯಿಲ್ಲ, ಅಮೆರಿಕದಿಂದಲೇ ತರಿಸಿದರೂ.

ನಮ್ಮ ಕಿವಿಗೆ ಜಾರುಸ್ವರ ಹೊಸದಲ್ಲ. ಗೋಟುವಾದ್ಯವಿದೆ, ವಿಚಿತ್ರವೀಣೆಯಿದೆ. ಬ್ರಿಜ್‌ಭೂಷಣ್ ಕಾಬ್ರಾ 1967ರ ‘ಕಾಲ್ ಆಫ್ ದ ವ್ಯಾಲಿ’ ಧ್ವನಿಮುದ್ರಿಕೆಯಲ್ಲಿ ಗಿಟಾರನ್ನು ಮಡಿಲಲ್ಲಿಟ್ಟು ರಾಗ ನುಡಿಸಿದರು. ವಿಶ್ವಮೋಹನ ಭಟ್ಟರು ಅದನ್ನು ಮೋಹನವೀಣೆ ಮಾಡಿ 1994ರಲ್ಲಿ ಗ್ರ್ಯಾಮಿ ಪಡೆದರು. ಬೆಂಗಳೂರಿನಲ್ಲೇ ಪ್ರಕಾಶ್ ಸೊಂಟಕ್ಕೆಯವರು ಹಿಂದೂಸ್ತಾನಿ ಸಂಗೀತವನ್ನು ಸ್ಲೈಡ್ ಗಿಟಾರಿನಲ್ಲಿ ನುಡಿಸುತ್ತಾರೆ. ಇನ್ನು ದಂಡುಪ್ರದೇಶದ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಕಂಟ್ರಿ ಹಾಡು ಹಬ್ಬದ ಊಟದಷ್ಟೇ ಖಾಯಂ. ಹೀಗಾಗಿ ಪೂರ್ವ ಬೆಂಗಳೂರಿನಲ್ಲಿ ಇಂಥದ್ದೊಂದು ವಾದ್ಯ ಸಿಕ್ಕಿದ್ದಕ್ಕೆ ನನಗೆ ಆಶ್ಚರ್ಯವಾಗಲಿಲ್ಲ. ಅದಕ್ಕೆ ಬೇಕಾದ ಕೈಗಳೂ ಇಲ್ಲೇ ಸಿಗುತ್ತವೆ ಎಂಬ ನಂಬಿಕೆಯಿಂದಲೇ ಹೊರಟೆ.

ಮೊದಲ ಕೆಲಸ ಹುಡುಕುವುದಲ್ಲ, ಯಾವುದು ಯಾವ ಲೋಹ ಎಂದು ಗುರುತಿಸುವುದು. ಹೊಳೆಯುವುದನ್ನೆಲ್ಲ ನಾವು ‘ಸ್ಟೀಲು’ ಎಂದುಬಿಡುತ್ತೇವೆ. ಅಯಸ್ಕಾಂತ ಹಿಡಿದರೆ ಅರ್ಧ ಉತ್ತರ ಸಿಗುತ್ತದೆ: ಪೆಡಲಿನ ಸರಳು, ಸ್ಕ್ರೂ ಅಂಟಿಕೊಂಡವು, ಪಟ್ಟಿ ಮತ್ತು ಫಲಕ ಅಂಟಲಿಲ್ಲ. ಅಂಟದವುಗಳಲ್ಲಿ ಅಂಗೈಗೆ ಹಗುರವಾದದ್ದು ಅಲ್ಯುಮಿನಿಯಂ. ಕೈಗೆ ತೂಕ ಬರುವ, ಮುರಿದ ಜಾಗದಲ್ಲಿ ಬೂದುಬಣ್ಣದ ಹರಳುಹರಳಾದ ಕಾಳು ಕಾಣುವ ಕೊಂಡಿ ಸತುವಿನ ಎರಕ. ಎಲ್ಲಿ ಹಳದಿ ಇಣುಕುತ್ತದೋ ಅಲ್ಲಿ ನಿಕ್ಕಲ್ ಅಡಿ ಹಿತ್ತಾಳೆಯಿದೆ. ಇಷ್ಟು ತಿಳಿಯದೆ ಪ್ಲೇಟಿಂಗಿನವರ ಬಳಿ ಹೋದರೆ ನಷ್ಟ ಖಂಡಿತ, ಏಕೆಂದರೆ ಹಳೆ ಲೇಪ ಕಿತ್ತುಹಾಕಲು ಬಳಸುವ ಆ್ಯಸಿಡ್ ಹಿತ್ತಾಳೆಗೆ ಅಷ್ಟೇನೂ ಮಾಡದಿದ್ದರೂ ಸತುವನ್ನು ತಿಂದುಹಾಕುತ್ತದೆ.

ಶಿವಾಜಿನಗರದ ಗುಜರಿಗೆ ಹೋಗುವವರು ತಿಳಿದಿರಬೇಕಾದ ನಿಯಮ ಒಂದೇ: ಸ್ಯಾಂಪಲ್ ಇಲ್ಲದೆ ಮಾತಿಲ್ಲ. ಮೇಲಿನ ಪಟ್ಟಿಯನ್ನು ಬಿಚ್ಚಿ, ಹಳೆ ಪತ್ರಿಕೆಯಲ್ಲಿ ಸುತ್ತಿಕೊಂಡು ಹೋಗಿದ್ದೆ. ರಸೆಲ್ ಮಾರ್ಕೆಟಿನ ಗಲಾಟೆ ದಾಟಿ ಒಳಗಿನ ಗಲ್ಲಿಗಳಿಗೆ ಹೋದರೆ ಕಾರಿನ ಬಾಗಿಲು, ಬಂಪರು, ಗ್ರಿಲ್ಲು, ಬೈಕಿನ ಟ್ಯಾಂಕು ಗೋಡೆಯೆತ್ತರ ಪೇರಿಸಿದ ಅಂಗಡಿಗಳು. ಉರ್ದು, ತಮಿಳು, ಕನ್ನಡ ಒಂದೇ ವಾಕ್ಯದಲ್ಲಿ ಸೇರುವ ಜಾಗ.

“ಯಾವ ಗಾಡೀದು ಸಾರ್ ಇದು?”

“ಗಾಡೀದಲ್ಲ ಭಾಯ್, ಗಿಟಾರಿಂದು.”

“ಗಿಟಾರಿಂದಾ? ಇರ್ಲಿ, ಕೊಡಿ ನೋಡೋಣ.”

ಅಂಗಡಿಯಾತ ಪಟ್ಟಿಯನ್ನು ಬೆಳಕಿಗೆ ಹಿಡಿದು ಉದ್ದಕ್ಕೂ ಕಣ್ಣೋಡಿಸಿದ. ಹೆಬ್ಬೆರಳಲ್ಲಿ ಅಂಚು ಸವರಿದ. ಹಿಂಬದಿಯ ಸಣ್ಣ ಕಾಲನ್ನು, ಅಂದರೆ ಪಟ್ಟಿ ಮರದ ತೋಡಿಗೆ ಕಚ್ಚಿ ಕೂರುವ ಏಣನ್ನು, ಉಗುರಲ್ಲಿ ಗೀರಿ ನೋಡಿದ. “ಅಲ್ಮಿನಿ. ಬೀಡಿಂಗು. ಹಳೇ ಬಸ್ ಬಾಡೀಲಿ ಇಂಥದ್ದು ಬರ್ತಿತ್ತು ಸಾರ್, ಸೀಟಿನ ಅಂಚಿಗೆ, ಕಿಟಕಿ ಕೆಳಗೆ. ಈಗೆಲ್ಲ ಬರಲ್ಲ.” ವಾದ್ಯವನ್ನೇ ನೋಡದೆ ಅದರ ಪಟ್ಟಿಯ ಜಾತಿಯನ್ನು ಅರೆನಿಮಿಷದಲ್ಲಿ ಹೇಳಿದ ಆ ಕಣ್ಣಿಗೆ ನಾನು ತಲೆಬಾಗುತ್ತೇನೆ.

ಆತ ಹೇಳಿದ್ದರಲ್ಲಿ ಊರಿನ ಚರಿತ್ರೆಯೂ ಇದೆ. 1940ರಲ್ಲಿ ಇಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧ ಮುಗಿದ ಮೇಲೆ ವಿಮಾನದ ಜೊತೆಗೆ ರೈಲು ಬೋಗಿಗಳನ್ನೂ ಬಸ್ಸಿನ ಬಾಡಿಗಳನ್ನೂ ಕಟ್ಟಿತು. 1964ರಲ್ಲಿ ಬಿಇಎಂಎಲ್ ಹುಟ್ಟಿದ ಮೇಲೆ ಬೋಗಿಯ ಕೆಲಸ ಅಲ್ಲಿಗೆ ಹೋಯಿತು. ತಗಡು ಬಗ್ಗಿಸುವುದು, ರಿವೆಟ್ ಹೊಡೆಯುವುದು, ಅಂಚಿಗೆ ಬೀಡಿಂಗ್ ಕೂರಿಸುವುದು ಇಲ್ಲಿಯ ಪೂರ್ವಭಾಗದ ಕೈಕಸುಬಾದದ್ದು ಹೀಗೆ. ಅಮೆರಿಕದ ವರ್ಕ್‌ಶಾಪಿನಲ್ಲಿ ಗಿಟಾರಿಗೆ ಕೂರಿಸಿದ ಪಟ್ಟಿಗೂ ಬೆಂಗಳೂರಿನ ಬಸ್ಸಿನ ಕಿಟಕಿಯಂಚಿಗೂ ಒಂದೇ ಬಗೆಯ ಲೋಹ, ಒಂದೇ ಬಗೆಯ ಅಚ್ಚು.

ಗುಜರಿಯಲ್ಲಿ ಸಿಕ್ಕ ಬೀಡಿಂಗ್ ಚೂರುಗಳು ಒಂದೋ ತುಂಬ ಅಗಲ, ಇಲ್ಲವೇ ಬಾಗಿ ಹೋದವು. ಒಮ್ಮೆ ಬಾಗಿ ಮಡಿಕೆ ಬಿದ್ದ ಅಲ್ಯುಮಿನಿಯಂ ಪಟ್ಟಿಯನ್ನು ನೇರ ಮಾಡಿದರೂ ಬೆಳಕಿನಲ್ಲಿ ಅಲೆ ಕಾಣುತ್ತದೆ. ಹಾಗಾಗಿ ಹೊಸ ಸೆಕ್ಷನ್‌ನಿಂದ ತಯಾರಿಸುವುದೇ ದಾರಿ ಎಂದು ತೀರ್ಮಾನಿಸಿದೆವು. ಕೇವಲ 32 ಇಂಚಿಗಾಗಿ ಯಾವ ಕಾರ್ಖಾನೆಯೂ ಹೊಸ ಅಚ್ಚು ಮಾಡಿಸುವುದಿಲ್ಲ. ಆದರೆ ಇಂದಿರಾನಗರದ ಪ್ಲೈವುಡ್, ಹಾರ್ಡ್‌ವೇರ್ ಅಂಗಡಿಗಳಲ್ಲಿ ಮನೆ ಒಳಾಂಗಣಕ್ಕೆಂದು ಮಾರುವ ಅಲ್ಯುಮಿನಿಯಂ ಟಿ-ಪಟ್ಟಿ, ಎಲ್-ಪಟ್ಟಿ, ಯು-ಚಾನಲ್, ಟೈಲ್ಸಿನ ಅಂಚಿಗೆ ಹಾಕುವ ಟ್ರಿಮ್ ಇವೆಲ್ಲ ಉದ್ದುದ್ದ ಕೋಲುಗಳಾಗಿ ನಿಂತಿರುತ್ತವೆ. ಟಿ-ಪಟ್ಟಿಯ ತಲೆ ಹೊರಮುಖ, ಅದರ ಕಾಲು ಮರದ ತೋಡಿನೊಳಗೆ: ನಮಗೆ ಬೇಕಾದದ್ದು ಹೆಚ್ಚುಕಡಿಮೆ ಅದೇ ಆಕಾರ. ತಲೆಯ ಎರಡೂ ಬದಿಯನ್ನು ಅರದಲ್ಲಿ ಉಜ್ಜಿ ಅಗಲ ಇಳಿಸಿದರೆ ಆಯಿತು.

ಇಲ್ಲಿ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಗೇಜ್ ಲೆಕ್ಕ ಹೇಳಬೇಡಿ, ಮಿಲಿಮೀಟರ್ ಹೇಳಿ. ಅಮೆರಿಕದಲ್ಲಿ ಅಲ್ಯುಮಿನಿಯಂ ತಗಡಿನ 16 ಗೇಜ್ ಎಂದರೆ ಸುಮಾರು 1.29 ಮಿ.ಮೀ. ನಮ್ಮಲ್ಲಿ ನಡೆಯುವ ಬ್ರಿಟಿಷ್ ಲೆಕ್ಕದ 16 ಗೇಜ್ ಸುಮಾರು 1.63 ಮಿ.ಮೀ. ಹೆಸರು ಒಂದೇ, ದಪ್ಪ ಬೇರೆ. ಆ ವ್ಯತ್ಯಾಸಕ್ಕೆ ಪಟ್ಟಿ ತೋಡಿನಲ್ಲಿ ಕೂರುವುದೇ ಇಲ್ಲ. ಬಲವಂತ ಮಾಡಿದರೆ ಮರ ಸೀಳುತ್ತದೆ.

ಈಗ ಸ್ಕ್ರೂ. ಈ ವಿಷಯಕ್ಕೆ ನಾನು ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಹಳೆಯ ವಾದ್ಯಗಳು ನಮ್ಮೂರಿನಲ್ಲಿ ಹಾಳಾಗುವುದು ಬಹುತೇಕ ಇಲ್ಲಿಯೇ. ಅಮೆರಿಕನ್ ವಾದ್ಯಗಳಲ್ಲಿ ಲೋಹಕ್ಕೆ ಲೋಹ ಜೋಡಿಸುವ ಕಡೆ ಸಾಮಾನ್ಯವಾಗಿ ಕಾಣುವುದು 10-32 ಎಂಬ ಅಳತೆಯ ಸ್ಕ್ರೂ: ವ್ಯಾಸ 4.83 ಮಿ.ಮೀ., ಇಂಚಿಗೆ 32 ಸುತ್ತು. ನಮ್ಮ ಅಂಗಡಿಗಳಲ್ಲಿ ಸಿಗುವುದು ಎಂ5: ವ್ಯಾಸ 5 ಮಿ.ಮೀ., ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ 0.8 ಮಿ.ಮೀ. 10-32ರಲ್ಲಿ ಆ ಅಂತರ 0.794. ಬರಿಗಣ್ಣಿಗೆ ಎರಡೂ ಒಂದೇ. ಎಂ5 ಸ್ಕ್ರೂವನ್ನು ಹಳೆಯ ತೂತಿಗೆ ಹಿಡಿದು ತಿರುಗಿಸಿದರೆ ತುಸು ಬಿಗಿಯೆನಿಸುತ್ತದೆ, ಇನ್ನಷ್ಟು ಒತ್ತಿದರೆ ಹೋಗಿಯೇಬಿಡುತ್ತದೆ. ಒಳಗಿನ ಮೆತ್ತನೆಯ ಅಲ್ಯುಮಿನಿಯಂ ಥ್ರೆಡ್ಡನ್ನು ಕತ್ತರಿಸಿಕೊಂಡು ಹೋಗಿರುತ್ತದೆ, ಅಷ್ಟೆ. ಮುಂದೆ ಸರಿಯಾದ ಸ್ಕ್ರೂ ಸಿಕ್ಕರೂ ಆ ತೂತು ಅದನ್ನು ಹಿಡಿಯುವುದಿಲ್ಲ.

ನಮ್ಮ ದೇಶ ಮೆಟ್ರಿಕ್ ಅಳತೆಗೆ ಬಂದದ್ದು 1956ರ ಕಾಯ್ದೆಯಿಂದ. ಅದಕ್ಕೂ ಹಿಂದಿನ ಇಂಚಿನ ಟ್ಯಾಪು, ಡೈಗಳು ಹಳೆಯ ಲೇತ್ ಶಾಪುಗಳ ಡ್ರಾಯರಿನಲ್ಲಿ ಇನ್ನೂ ಇವೆ. ಆದರೆ ಅವು ಹೆಚ್ಚಾಗಿ ಬ್ರಿಟಿಷ್ ಅಳತೆಯವು, ಬುಲೆಟ್ಟಿನಂಥ ಬೈಕುಗಳ ಕಾಲದವು. ಅಮೆರಿಕನ್ ಥ್ರೆಡ್ಡಿನ ಕೋನ 60 ಡಿಗ್ರಿ, ಹಳೆಯ ಬ್ರಿಟಿಷ್ ವಿಟ್‌ವರ್ತ್ ಥ್ರೆಡ್ಡಿನದು 55. ಹಾಗಾಗಿ ಇಂಚಿನದು ಸಿಕ್ಕಿತೆಂದು ಸಂತೋಷಪಡುವ ಮುನ್ನ ಥ್ರೆಡ್ ಗೇಜ್ ಹಚ್ಚಿ ನೋಡಬೇಕು. ವಾದ್ಯದಿಂದ ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ರಟ್ಟಿನ ಮೇಲೆ ಗಿಟಾರಿನ ಚಿತ್ರ ಬರೆದು, ಆಯಾ ಜಾಗದಲ್ಲೇ ಚುಚ್ಚಿಟ್ಟರೆ ಮುಂದಿನ ಅರ್ಧ ಕಷ್ಟ ಇಲ್ಲ.

ಉಕ್ಕಿನ ಸ್ಕ್ರೂ ಅಲ್ಯುಮಿನಿಯಮ್ಮಿಗೆ ಕಚ್ಚಿಕೊಂಡು ಬಿಚ್ಚಲಾರದಂತಾಗುವುದೂ ಉಂಟು. ಎರಡು ಬೇರೆ ಲೋಹಗಳ ನಡುವೆ ತೇವ ಸೇರಿದರೆ ಅಲ್ಯುಮಿನಿಯಂ ಬೆಳ್ಳಗೆ ಪುಡಿಯಾಗಿ ಉಬ್ಬುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ, ಉಪ್ಪುಗಾಳಿಯಿಲ್ಲದ ಬೆಂಗಳೂರು ಈ ವಿಷಯದಲ್ಲಿ ದಯಾಳು. ಇದೇ ವಾದ್ಯ ಮಂಗಳೂರಿನಲ್ಲೋ ಚೆನ್ನೈನಲ್ಲೋ ಅಷ್ಟು ವರ್ಷ ಅಟ್ಟದಲ್ಲಿದ್ದಿದ್ದರೆ ಬಿಚ್ಚುವಷ್ಟೂ ಉಳಿಯುತ್ತಿರಲಿಲ್ಲ ಎಂದೇ ನನ್ನ ಅಂದಾಜು. ಬಿಗಿದವನ್ನು ಬಿಚ್ಚಲು ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಬೇಕು, ಆಮೇಲೆ ಬೆಸುಗೆ ಕಡ್ಡಿಯಿಂದ ಸ್ಕ್ರೂವಿನ ತಲೆಗೆ ಬಿಸಿ ಮುಟ್ಟಿಸಬೇಕು. ಸುತ್ತಿಗೆ ಬೇಡವೇ ಬೇಡ.

ಬಿರಿದ ಫಲಕವನ್ನು ಹಿಡಿದು ಹೋದದ್ದು ಕೆ.ಆರ್. ಪುರದ ಕಡೆಗೆ. 1948ರಲ್ಲಿ ದೂರವಾಣಿನಗರದಲ್ಲಿ ಐಟಿಐ ಕಾರ್ಖಾನೆ ಎದ್ದ ಮೇಲೆ, ಆಮೇಲೆ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಬಂದ ಮೇಲೆ, ಈ ದಿಕ್ಕಿನಲ್ಲಿ ಟೂಲ್ ರೂಮಿನ ಕೆಲಸ ಬಲ್ಲವರ ಒಂದು ತಲೆಮಾರೇ ಬೆಳೆಯಿತು. ಎನ್‌ಜಿಇಎಫ್ 2002ರಲ್ಲಿ ಮುಚ್ಚಿತು. ಆ ಕಾರ್ಖಾನೆಗಳಲ್ಲಿ ಪಳಗಿದವರು ಮಹದೇವಪುರ, ಹೂಡಿ, ಗರುಡಾಚಾರ್‌ಪಾಳ್ಯದ ಶೆಡ್ಡುಗಳಲ್ಲಿ ಒಂದೊಂದು ಲೇತ್ ಹಾಕಿಕೊಂಡು ಕೂತರು. ಮೆಟ್ರೊ 2023ರಲ್ಲಿ ಕೆ.ಆರ್. ಪುರ ಮುಟ್ಟಿದ ಮೇಲೆ ಶಿವಾಜಿನಗರದ ಕಡೆಯಿಂದ ಅಲ್ಲಿಗೆ ತಗಡು ಹಿಡಿದು ಓಡಾಡುವುದು ಸುಲಭವಾಗಿದೆ. ಶೆಡ್ಡಿನ ಬಾಡಿಗೆ ಕಟ್ಟುವುದು ಮಾತ್ರ ಕಷ್ಟವಾಗಿದೆ.

ಶೆಡ್ಡಿನ ಯಜಮಾನರ ಬಳಿ, “ಇದನ್ನೇ ಅಚ್ಚಾಗಿಟ್ಟು ಹೊಸದು ಎರಕ ಹೊಯ್ಸಿಬಿಡೋಣವಾ ಯಜಮಾನ್ರೇ?” ಎಂದೆ. ಅವರು ಕ್ಯಾಲಿಪರ್ ತೆಗೆದು ಉದ್ದ ಹಿಡಿದರು. “ಇನ್ನೂರ ಮೂವತ್ತು ಮಿಲಿ ಇದೆ ಸಾರ್. ಅಲ್ಯುಮಿನಿಯಂ ಆರುವಾಗ ನೂರಕ್ಕೆ ಒಂದೂಕಾಲು ಕುಗ್ಗುತ್ತೆ. ಇದರ ಮೇಲೇ ಮರಳು ಒತ್ತಿ ಹೊಯ್ದರೆ ನಿಮ್ಮ ಹೊಸ ಫಲಕ ಮೂರು ಮಿಲಿ ಗಿಡ್ಡ ಬರುತ್ತೆ. ತೂತು ಯಾವುದೂ ಕೂಡಲ್ಲ.” ಎರಕದವರು ಇದಕ್ಕಾಗಿಯೇ ಅಚ್ಚನ್ನು ಅಷ್ಟು ದೊಡ್ಡದು ಮಾಡುತ್ತಾರೆ. ಈಗ ತ್ರೀಡಿ ಸ್ಕ್ಯಾನ್ ಮಾಡಿ, ಕುಗ್ಗುವಿಕೆ ಸೇರಿಸಿ, ಪ್ಲಾಸ್ಟಿಕ್ ಅಚ್ಚು ಮುದ್ರಿಸಬಹುದು. ಮಿಲ್ಲಿಂಗ್ ಯಂತ್ರದಲ್ಲಿ ಅಲ್ಯುಮಿನಿಯಂ ಗಟ್ಟಿಯಿಂದಲೇ ಕೆತ್ತಿಸಬಹುದು. ಯಜಮಾನರು ಎರಡನ್ನೂ ಬೇಡವೆಂದರು. ಬಿರುಕು ಒಂದೇ ಕಡೆಯಿದೆ, ಅದನ್ನು ವಿ ಆಕಾರದಲ್ಲಿ ಕೊರೆದು ಆರ್ಗಾನ್ ವೆಲ್ಡಿಂಗ್ ಮಾಡಿಸಿ, ಮೂಲದ್ದು ಉಳಿಯಲಿ ಎಂದರು. ಕಾರಿನ ಅಲಾಯ್ ಚಕ್ರ, ಬೈಕಿನ ಎಂಜಿನ್ ಕವಚ ಬೆಸೆಯುವವರಿಗೆ ಇದು ದಿನನಿತ್ಯದ ಕೆಲಸ. ಹಾಗೇ ಆಯಿತು. ಬೆಸುಗೆಯ ಗೆರೆ ಹಿಂಬದಿಯಲ್ಲಿ ಈಗಲೂ ಕಾಣುತ್ತದೆ, ಕಾಣಲಿ.

ಸತುವಿನ ಕೊಂಡಿಗೆ ಆ ಭಾಗ್ಯವಿರಲಿಲ್ಲ. ಅಲ್ಯುಮಿನಿಯಂ ಕರಗಲು 660 ಡಿಗ್ರಿ ಬೇಕು. ಈ ಬೆರಕೆ ಸತು 400 ಡಿಗ್ರಿ ಮುಟ್ಟುವ ಮೊದಲೇ ನೀರಾಗುತ್ತದೆ. ಆರ್ಗಾನಿನ ಕಿಡಿ ತಾಗಿದರೆ ವಸ್ತುವೇ ಇಲ್ಲ. ಜೊತೆಗೆ ಹಳೆಯ ಎರಕದಲ್ಲಿ ಸೀಸದ ಕಲ್ಮಷ ಸೇರಿದ್ದರೆ ದಶಕಗಳ ಮೇಲೆ ಒಳಗಿಂದೊಳಗೇ ಬಿರಿಯುತ್ತದೆ, ಅದಕ್ಕೆ ಮದ್ದಿಲ್ಲ. ಇದನ್ನು ಹಿತ್ತಾಳೆಯಲ್ಲಿ ಹೊಸದಾಗಿ ಮಾಡುವುದೇ ಸರಿ. ಹಲಸೂರಿನ ಬಜಾರಿನ ಕಡೆ ಬೆಳ್ಳಿ ಬಂಗಾರದ ಕೆಲಸ ಮಾಡುವ ಅಕ್ಕಸಾಲಿಗರೊಬ್ಬರು ಎಳೆಗರಗಸದಿಂದ ಹಿತ್ತಾಳೆ ಫಲಕ ಕತ್ತರಿಸಿ, ಅರದಿಂದ ತಿದ್ದಿ, ಬೆಳ್ಳಿ ಬೆಸುಗೆಯಿಂದ ಕಿವಿ ಕೂಡಿಸಿ ಮಾಡಿಕೊಟ್ಟರು. ಯಂತ್ರದ ಕೆಲಸಕ್ಕಿಂತ ಅಂಚು ಚೊಕ್ಕವಾಗಿ ಬಂತು. ಚಿಕ್ಕ ಭಾಗಗಳಿಗೆ ಲೇತಿಗಿಂತ ಅಕ್ಕಸಾಲಿಗರ ಕೈ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ವಾದ್ಯ ರಿಪೇರಿ ಮಾಡುವವರು ಆ ಬಾಗಿಲನ್ನು ಇನ್ನಷ್ಟು ತಟ್ಟಬೇಕು.

ಉಳಿದದ್ದು ಹೊಳಪು. ಕ್ರೋಮ್ ಎಂದು ನಾವು ಕರೆಯುವ ಹೊಳಪಿನಲ್ಲಿ ಕ್ರೋಮಿಯಂ ಇರುವುದು ಒಂದು ಮೈಕ್ರಾನಿಗಿಂತ ಕಡಿಮೆ. ಅದರಡಿ ನಿಕ್ಕಲ್, ಬಹಳ ಸಲ ಅದರಡಿ ತಾಮ್ರ. ನಿಜವಾದ ಕಾವಲು ನಿಕ್ಕಲ್ಲಿನದೇ. ಕ್ರೋಮ್ ತೊಟ್ಟಿಯಲ್ಲಿ ಬಳಸುವ ಆರು-ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಪ್ಲೇಟಿಂಗ್ ಉದ್ಯಮ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಕೆಂಪು’ ವರ್ಗದಲ್ಲಿದೆ. ಬೆಳ್ಳಂದೂರು, ವರ್ತೂರು ಕೆರೆಗಳ ಗತಿ ಕಂಡ ಪೂರ್ವ ಬೆಂಗಳೂರಿನವರಿಗೆ ಈ ಬಿಗಿ ಏಕೆಂದು ಬಿಡಿಸಿ ಹೇಳಬೇಕಿಲ್ಲ. ತೊಳೆದ ನೀರನ್ನು ಮೋರಿಗೆ ಬಿಡುವ ಹಿತ್ತಲ ತೊಟ್ಟಿಗಳಿಗೆ ಕೆಲಸ ಕೊಡಬಾರದು, ಎಷ್ಟೇ ಅಗ್ಗವಾದರೂ. ಪರವಾನಗಿಯಿರುವ ಘಟಕಗಳು ಚಿಕ್ಕ ಕೆಲಸ ಒಲ್ಲೆವೆನ್ನಬಹುದು. ಅವರ ದೊಡ್ಡ ಆರ್ಡರಿನ ಜೊತೆ ನಮ್ಮ ಕೊಂಡಿಯೂ ತೂಗಿಬಿಡಲಿ ಎಂದು ಕೇಳಿಕೊಂಡು ಕಾಯಬೇಕು.

ನಾವು ಕ್ರೋಮ್ ಮಾಡಿಸಲಿಲ್ಲ. ಹಿತ್ತಾಳೆ ಕೊಂಡಿಗೆ ನಿಕ್ಕಲ್ ಸಾಕಾಯಿತು. ತುಸು ಹಳದಿ ಬೆರೆತ ಆ ಬೆಳ್ಳಗಿನ ಬಣ್ಣ ಹಳೆಯ ವಾದ್ಯಕ್ಕೆ ಹೊಂದುತ್ತದೆ. ಪಟ್ಟಿಯನ್ನು ಬಫಿಂಗ್ ಚಕ್ರಕ್ಕೆ ಕೊಡಲೂ ನಾನು ಒಪ್ಪಲಿಲ್ಲ. ಬೈಕಿನ ಸೈಲೆನ್ಸರಿಗೆ ಒಗ್ಗಿದ ಚಕ್ರ ಚೂಪು ಅಂಚನ್ನು ದುಂಡಗೆ ಮಾಡುತ್ತದೆ, ಕೆತ್ತಿದ ಹೆಸರನ್ನು ಅಳಿಸುತ್ತದೆ. ಮರದ ತುಂಡಿಗೆ ನೀರಿನಲ್ಲಿ ಬಳಸುವ ಉಜ್ಜುಕಾಗದ ಸುತ್ತಿ, 400ರಿಂದ 2000 ಗ್ರಿಟ್‌ವರೆಗೆ ಒಂದೇ ದಿಕ್ಕಿನಲ್ಲಿ, ಕೈಯಿಂದ ಉಜ್ಜಿದ್ದಾಯಿತು. ಹಳೆಯ ಮೇಲಿನ ಪಟ್ಟಿಯನ್ನು ಬರೀ ಸೋಪಿನ ನೀರಿನಲ್ಲಿ ತೊಳೆದು ಹಾಗೆಯೇ ಬಿಟ್ಟೆವು. ಎಷ್ಟೋ ವರ್ಷ ಯಾರದೋ ಮುಂಗೈ ತಾಗಿ ಸವೆದ ಗುರುತು ಅದರಲ್ಲಿದೆ. ಅದನ್ನು ಉಜ್ಜಿ ತೆಗೆಯುವ ಹಕ್ಕು ನನಗಿಲ್ಲ. ಹೊಸ ಪಟ್ಟಿಯ ಹಿಂಬದಿಯಲ್ಲಿ ‘ಬೆಂಗಳೂರು’ ಎಂದು ಇಸವಿಯ ಸಮೇತ ಗೀರಿಸಿದೆವು. ಮುಂದೆ ಬಿಚ್ಚಿ ನೋಡುವವರಿಗೆ ಯಾವುದು ಮೂಲ, ಯಾವುದು ನಕಲು ಎಂದು ಗೊತ್ತಾಗಬೇಕು.

ಬಿಡಿಭಾಗ ಸಿಗುವುದಿಲ್ಲ, ಅಮೆರಿಕಕ್ಕೆ ಬರೆಯಬೇಕು ಎಂಬ ಮಾತನ್ನು ನಾನು ಇನ್ನು ಒಪ್ಪುವುದಿಲ್ಲ. ಗುಜರಿಯ ಕಣ್ಣು, ಪ್ಲೈವುಡ್ ಅಂಗಡಿಯ ಕೋಲು, ಅಕ್ಕಸಾಲಿಗರ ಗರಗಸ, ಶೆಡ್ಡಿನ ಕ್ಯಾಲಿಪರ್, ಎಲ್ಲವೂ ಒಂದೇ ಮೆಟ್ರೊ ಮಾರ್ಗದ ಆಸುಪಾಸಿನಲ್ಲಿವೆ. ಇಲ್ಲವಾಗುತ್ತಿರುವುದು ಶೆಡ್ಡುಗಳು. ಯಜಮಾನರ ಪಕ್ಕದ ಎರಡು ಶೆಡ್ಡುಗಳ ಜಾಗದಲ್ಲಿ ಈಗ ಅಪಾರ್ಟ್‌ಮೆಂಟಿನ ಗೇಟು. ಅವರ ಮಗ ಲೇತ್ ಮುಟ್ಟಿಲ್ಲ. ಕೆಲಸ ಕೊಟ್ಟರೆ ಮಾತ್ರ ಈ ಕೈಗಳು ಉಳಿಯುತ್ತವೆ, ಹೊಗಳಿದರೆ ಅಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಹವಾಯಿ ಗಿಟಾರೋ ಮ್ಯಾಂಡೊಲಿನ್ನೋ ಹಾರ್ಮೋನಿಯಮ್ಮೋ ಇದ್ದರೆ ಈ ಭಾನುವಾರ ಪೆಟ್ಟಿಗೆ ತೆರೆದು ನೋಡಿ. ಒಳಗೆ ಬಿದ್ದಿರುವ ಮುರಿದ ತಗಡು, ಬಿಡಿ ಸ್ಕ್ರೂ, ಪಟ್ಟಿಯ ಚೂರು ಯಾವುದನ್ನೂ ಎಸೆಯಬೇಡಿ. ಒಂದು ಕವರಿಗೆ ಹಾಕಿ ವಾದ್ಯದ ಜೊತೆಯಲ್ಲೇ ಇಡಿ. ರಿಪೇರಿಗೆ ಕೊಡುವ ಮುನ್ನ ಪ್ರತಿ ಭಾಗದ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆದು, ಫೋಟೊ ತೆಗೆದು, ಆ ಹಾಳೆಯನ್ನೂ ಪೆಟ್ಟಿಗೆಯೊಳಗೆ ಸೇರಿಸಿ.